ಸಂಬಂಧ: ತಮ್ಮ

ಮೇಜಿನ ಮೇಲೆ ಹಲ್ಲುಗಳು ಕಟಕಟ ಅಂದವು, ಹಲ್ಲು ಕಟ್ಟುವ ಲ್ಯಾಬಿನ ಪ್ಲಾಸ್ಟರಿನ ದವಡೆಗಳು, ಐದು ಜನರದ್ದು ಸಾಲಾಗಿ, ಪಕ್ಕದಲ್ಲೇ ಫೋನು ನಡುಗುತ್ತಿತ್ತು, ಚಳಿ ಹಿಡಿದವರ ಹಾಗೆ ಎಲ್ಲ ಒಟ್ಟಿಗೆ ಕಡಿದುಕೊಂಡವು, ಆಮೇಲೆ ಫೋನು ನಿಂತಿತು, ಹಲ್ಲುಗಳೂ ನಿಂತವು, ಅವಳು ಮಾತ್ರ ಕೈಯಲ್ಲಿದ್ದ ಮೇಣದ ಚಾಕು ಕೆಳಗಿಡಲಿಲ್ಲ. ಅದೇ ನಂಬರು. ರೆಸಾರ್ಟಿನದು. ಬೆಳಿಗ್ಗೆ ಒಂದು ಸಲ ಎತ್ತಿದ್ದಾಗಿದೆ, ಮೇಡಂ ನಾನು ರಿಸೆಪ್ಷನ್ನಿಂದ, ನಿಮ್ಮ ತಮ್ಮ ಇದಾರಲ್ಲ ಮೂರನೇ ಮಹಡಿ ಮೂಲೆ ರೂಮಲ್ಲಿ, ಮೊನ್ನೆ ಮಧ್ಯಾಹ್ನದಿಂದ ಬಾಗಿಲಿಗೆ ಯಾರೂ ತೊಂದರೆ ಕೊಡ್ಬೇಡಿ ಅನ್ನೋ ಕೆಂಪು ಬೋರ್ಡು ನೇತಾಕಿದಾರೆ, ಊಟಕ್ಕೂ ಇಳಿದಿಲ್ಲ, ಫೋನೂ ಎತ್ತಲ್ಲ, ಏನಿಲ್ಲ, ಸುಮ್ನೆ ನಿಮ್ಮನ್ನೊಂದು ಮಾತು ಕೇಳೋಣ ಅಂತ. ನಿಮ್ಮ ತಮ್ಮ. ಅವಳಿಗೆ ತಮ್ಮನಿಲ್ಲ, ಅಣ್ಣನೂ ಇಲ್ಲ, ಅಪ್ಪನಿಗೆ ಅವಳೊಬ್ಬಳೇ, ಆದರೂ ನಾಲಿಗೆ ಒಂದು ಚೂರೂ ತಡವರಿಸಲಿಲ್ಲ – ಅವನು ಮೊದಲಿಂದ್ಲೂ ನಿದ್ದೆಬುರುಕ ಕಣ್ರೀ, ಮಲಗ್ಲಿ ಬಿಡಿ, ಎಬ್ಬಿಸಿದ್ರೆ ನನಗೆ ಬೈತಾನೆ. ಆ ಕಡೆಯವನು ನಕ್ಕ. ಸರಿ ಮೇಡಂ, ಆದ್ರೆ ಮಗು ಜೊತೆಗಿದೆಯಲ್ಲ ಅಂತ, ಬಾಲ್ಕನಿಯಲ್ಲಿ ಅದರ ಈಜುಡುಪು ಒಣಗಿ ಎರಡು ದಿನ ಆಯ್ತು, ಹಳದೀದು, ಯಾರೂ ಒಳಗೆ ತಗೊಂಡಿಲ್ಲ, ಹಾರಿ ಹೋಗತ್ತೆ ಅಂತ ನಮ್ಮ ತೋಟದವನು ಹೇಳ್ದ. ಮಗು. ಫಾರಂನಲ್ಲಿ ಮಗು ಇರಲಿಲ್ಲ. ಒಬ್ಬ ಅತಿಥಿ ಎಂದು ಅವಳೇ ತುಂಬಿದ್ದಳು, ಒಬ್ಬ, ಸಂಬಂಧ ತಮ್ಮ.

ಎಲ್ಲ ಆ ಕಾಲಂನಿಂದ, ಅಲ್ಲ, ಆ ಕುಕ್ಕರ್‌ನಿಂದ, ಗಂಡನಿಗೆ ಮಾಲಿನ ಲಕ್ಕಿ ಡ್ರಾದಲ್ಲಿ ಬಹುಮಾನ ಬಂದಿತ್ತು, ಕುಕ್ಕರ್ ತಗೊಂಡು ಬರ್ತೀನಿ ಎಂದು ಅವರ ಎಸಿ ಕೋಣೆಯೊಳಗೆ ಹೋದವನು ಮೂರು ಗಂಟೆಯಾದ ಮೇಲೆ ಕುಕ್ಕರ್ ಜೊತೆ ಇಬ್ಬರ ಹೆಸರಿಗೂ ರೆಸಾರ್ಟ್ ಸದಸ್ಯತ್ವದ ಇಪ್ಪತ್ತೈದು ವರ್ಷದ ಒಪ್ಪಂದವನ್ನೂ ಹೊತ್ತುಕೊಂಡು ಬಂದ, ನೋಡೇ, ಪ್ರತಿ ವರ್ಷ ಪಾಯಿಂಟ್ ಬರ್ತಾವೆ, ಪಾಯಿಂಟ್ ಕೊಟ್ರೆ ಒಂದು ವಾರ ರೂಮು, ನಾವೂ ದೊಡ್ಡ ಮನುಷ್ಯರು. ನಾದಿನಿ ಅಂದಿನಿಂದ ಅಣ್ಣನನ್ನು ಲಕ್ಕಿ ಡ್ರಾ ಎಂದೇ ಕರೆಯುತ್ತಾಳೆ. ಕುಕ್ಕರಿನ ಹಿಡಿ ಆರು ತಿಂಗಳಿಗೆ ಮುರಿಯಿತು, ಒಪ್ಪಂದ ಮುರಿಯುವುದಿಲ್ಲ, ಹೋದರೂ ಹೋಗದಿದ್ದರೂ ವರ್ಷದ ಶುಲ್ಕ ಕಟ್ಟಲೇಬೇಕು, ಲಕ್ಕಿ ಡ್ರಾನ ಬೆನ್ನಿಗೆ ಆಪರೇಷನ್ ಆದ ಮೇಲೆ ಅವನಿಗೆ ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ಪ್ರವಾಸ, ಬಳಸದ ಪಾಯಿಂಟು ವರ್ಷದ ಕೊನೆಗೆ ಸತ್ತು ಹೋಗುತ್ತದೆ, ಹಾಗಾದರೆ ಬಾಡಿಗೆಗೆ ಕೊಟ್ಟರೇನು ಎಂದು ಅವಳಿಗೆ ಹೊಳೆದದ್ದು, ಶುಲ್ಕದ ಮಟ್ಟಿಗಾದರೂ ಆಗುತ್ತದೆ. ಬಾಡಿಗೆಗೆ ಕೊಡುವ ಹಾಗಿಲ್ಲ, ನಿಯಮ, ಸದಸ್ಯರ ರಕ್ತಸಂಬಂಧಿಗಳನ್ನು ಮಾತ್ರ ಕಳಿಸಬಹುದು, ಗೊತ್ತಾದರೆ ಸದಸ್ಯತ್ವ ರದ್ದು, ಕಟ್ಟಿದ್ದೆಲ್ಲ ನೀರಿಗೆ, ಮೇಲೆ ದಂಡ. ಅದಕ್ಕೇ ಆ ಕಾಲಂ. ಮೊದಲ ವರ್ಷ ಯಾರೋ ನಿವೃತ್ತ ಡ್ರೈವರು ಅವಳಿಗೆ ಚಿಕ್ಕಪ್ಪನಾದ, ಆಮೇಲೆ ಹೊಸದಾಗಿ ಮದುವೆಯಾದವರು ಅಕ್ಕನ ಮಗಳು ಮತ್ತು ಅಳಿಯ, ಬ್ಯಾಂಕಿನವಳೊಬ್ಬಳು ಅತ್ತೆ, ನಿನ್ನ ವಂಶ ನಮ್ಮನೆ ಶುಲ್ಕದ ಹಾಗೆ ವರ್ಷಾವರ್ಷ ಬೆಳೀತಿದೆ ಎಂದು ಲಕ್ಕಿ ಡ್ರಾ ಮಲಗಿದಲ್ಲೇ ನಗುತ್ತಿದ್ದ. ಯಾರಿಗೂ ಏನೂ ಆಗಲಿಲ್ಲ. ಚಿಕ್ಕಪ್ಪ ಒಂದು ಟವೆಲ್ ಕದ್ದ, ಅಷ್ಟೇ.

ಇವನು ಮೊದಲ ಫೋನಿನಲ್ಲೇ ಅಕ್ಕ ಅಂದ. ಬೇರೆಯವರೆಲ್ಲ ಮೇಡಂ, ಇವನು ಅಕ್ಕಾ, ನೀವು ಹಾಕಿದ ಜಾಹೀರಾತು ನೋಡ್ದೆ, ಕೆರೆ ಪಕ್ಕದ ರೂಮು, ಇನ್ನೂ ಇದೆಯಾ. ದನಿ ಮೆತ್ತಗೆ, ಲ್ಯಾಬಿನಲ್ಲಿ ಬಿಸಿ ನೀರಿಗೆ ಹಾಕಿದ ಮೇಣದ ಹಾಗೆ, ಒತ್ತಿದ ಕಡೆ ಬಗ್ಗುವ ದನಿ, ಅವಳಿಗೆ ಇಷ್ಟವಾಗಿತ್ತು, ಸುಳ್ಳೇಕೆ, ಒಂದೇ ವಾರದಲ್ಲಿ ಎಂಟು ಸಲ ಮಾತಾಡಿದ, ಅಕ್ಕಾ ಊಟ ಆಯ್ತಾ ಎಂದು ಬೇರೆ ಕೇಳುತ್ತಿದ್ದ, ಮನೆಯಲ್ಲಿ ಯಾರು ಕೇಳುತ್ತಾರೆ. ಅಕ್ಕಾ, ಬಾಲ್ಕನಿ ಕೆರೆಗೇ ಮುಖ ಮಾಡಿದೆಯಾ. ಹೌದಪ್ಪ. ರಿಸೆಪ್ಷನ್‌ಗೆ ದೂರನಾ. ಮೂಲೆ ರೂಮು ತಗೋ, ಅದೇ ಎಲ್ಲಕ್ಕಿಂತ ದೂರ. ಈಜುಕೊಳದ ಹತ್ರ ಸಂಜೆ ಯಾರಾದ್ರೂ ಕೂತಿರ್ತಾರಾ, ಕಾವಲಿಗೆ. ಐದರ ಮೇಲೆ ಯಾರೂ ಇರಲ್ಲ, ಆರಾಮಾಗಿ ಈಜು ಅಂದಿದ್ದಳು, ನಿನಗೇನು ಮಕ್ಕಳಾ ಮರಿಯಾ ಎಂದು ತಮಾಷೆ ಬೇರೆ, ಅವನು ನಗಲಿಲ್ಲ, ಆಗ ಗಮನಿಸಿರಲಿಲ್ಲ, ಈಗ ಆ ನಗದಿದ್ದದ್ದು ಕಿವಿಯಲ್ಲಿ ಕೂತಿದೆ. ಅಕ್ಕಾ, ನನಗೆ ಸ್ವಲ್ಪ ನೆಮ್ಮದಿ ಬೇಕು, ಯಾರೂ ಬಾಗಿಲು ತಟ್ಟಬಾರದು, ಮನೆಯವರು ಯಾರಾದ್ರೂ ಕೇಳಿದ್ರೆ ಗೊತ್ತಿಲ್ಲ ಅಂದ್ಬಿಡಿ. ಅದಕ್ಕೇನಂತೆ, ಕೆಂಪು ಬೋರ್ಡು ನೇತಾಕಿಬಿಡು, ಮೂರು ದಿನ ಗುಡಿಸೋರೂ ಬರಲ್ಲ – ಅವಳೇ ಹೇಳಿದ್ದು, ಎಲ್ಲರಿಗೂ ಹೇಳುತ್ತಿದ್ದಳು, ಬಾಡಿಗೆಯ ಜೊತೆಗೊಂದು ಉಪ್ಪಿನಕಾಯಿ ಹಾಗೆ. ಮೂರು ದಿನ ಅಂದರೆ ನಾಳೆ ಮಧ್ಯಾಹ್ನಕ್ಕೆ. ಹಳದಿ. ಅವಳ ಮಗಳ ಈಜುಡುಪೂ ಹಳದಿಯೇ ಇತ್ತು, ಮನೆಯವರೆಲ್ಲ ಅಲ್ಲಿಗೆ ಹೋಗಿದ್ದು ಅದೊಂದೇ ಸಲ, ಅದೇ ಬಾಲ್ಕನಿಯ ಅದೇ ಹಗ್ಗಕ್ಕೆ ಎರಡು ಕ್ಲಿಪ್ಪು ಹಾಕಿ ಒಣಗಿಸಿದ್ದಳು, ಅರ್ಧ ಗಂಟೆಗೊಮ್ಮೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು ಮಗಳು, ಒಣಗ್ತಾ ಅಮ್ಮಾ, ಒಣಗ್ತಾ, ಇನ್ನೊಂದ್ಸಲ ಹೋಗೋಣ್ವಾ. ಯಾವ ಮಗುವೂ ಒಣಗಿದ ಈಜುಡುಪನ್ನು ಎರಡು ದಿನ ಹಾಗೇ ಬಿಡುವುದಿಲ್ಲ.

ಮೇಣ ಆರಿ ಗಟ್ಟಿಯಾಗುತ್ತಿದೆ, ದೀಪಕ್ಕೆ ಹಿಡಿದಳು, ಮುಂದಿನ ಹಲ್ಲು ಕೂರಿಸಬೇಕು, ಮೊಮ್ಮಗಳ ಜೊತೆ ಫೋಟೋಗೆ ನಗಬೇಕಂತೆ ಈ ಹಲ್ಲಿನ ಅಜ್ಜಿಗೆ, ಸಂಜೆಯೊಳಗೆ ಕೊಡಿ ಅಂದಿದ್ದಾರೆ, ಆಚೆ ಮೇಜಿನಲ್ಲಿ ಪಾಲಿಶ್‌ನವಳು ಮೋಟಾರು ನಿಲ್ಲಿಸಿ, ಏನೇ, ನಿನ್ನ ಫೋನು ಬಾಯಿ ಬಡ್ಕೋತಿದೆ, ಸಾಲದವರಾ ಅಂದಳು. ತಮ್ಮ ಅಂದಳು ಇವಳು. ನಿನಗೆಲ್ಲಿಂದ ಬಂದ ತಮ್ಮ, ಫಾರಂ ತಮ್ಮನಾ, ಎತ್ತೇ ಪಾಪ, ಟವೆಲ್ ಎಲ್ಲಿದೆ ಅಂತ ಕೇಳ್ತಿರ್ಬೇಕು. ಮೋಟಾರು ಮತ್ತೆ ಗುಂಯ್ ಅಂದಿತು. ಹನ್ನೆರಡು ಗಂಟೆಗೆ ಬಂದ ಇನ್ನೊಂದು ಫೋನಿನದು ಮಾತ್ರ ಅವಳಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಹೆಂಗಸಿನ ದನಿ, ಅತ್ತು ಅತ್ತು ಒಣಗಿದ್ದು, ನೀವು ಯಾರು ಅಂತ ನನಗೆ ಗೊತ್ತಿಲ್ಲ, ನನ್ನ ಗಂಡ ಸೋಮವಾರ ಮಗಳನ್ನ ಸ್ಕೂಲಿಂದ ಕರ್ಕೊಂಡು ಹೋದವರು ಬಂದಿಲ್ಲ, ನಾನು ಬಿಟ್ಟು ಹೋಗ್ತೀನಿ ಅಂದಿದ್ದೆ ಅವರನ್ನ, ಹಾಗಂದ ಮೇಲೆ ನಿಮ್ಮ ನಂಬರಿಗೆ ಎಂಟು ಸಲ ಮಾತಾಡಿದಾರೆ, ಬಿಲ್ಲಲ್ಲಿದೆ, ನೀವು ಯಾರು. ಆಗ ಹೇಳಬಹುದಿತ್ತು. ರೂಮಿನ ನಂಬರು ಬಾಯಿ ತುದಿಯಲ್ಲೇ ಇತ್ತು. ಸದಸ್ಯತ್ವ ರದ್ದು ಅನ್ನುವುದು ಅದಕ್ಕಿಂತ ಮುಂದೆ ಬಂದು ನಿಂತಿತು, ಲಕ್ಕಿ ಡ್ರಾನ ಮುಖ, ದಂಡ, ಬ್ಯಾಂಕಿನ ಅತ್ತೆ, ಎಲ್ಲ ಸಾಲಾಗಿ, ಇದು ಹಲ್ಲಿನ ಲ್ಯಾಬು ಕಣಮ್ಮ, ಅವರು ಹಲ್ಲು ಕಟ್ಟಿಸೋಕೆ ಫೋನ್ ಮಾಡಿದ್ರು. ಅವರಿಗೆ ಮೂವತ್ತನಾಲ್ಕು ವರ್ಷ, ಎಲ್ಲಾ ಹಲ್ಲೂ ಇದೆ, ಅಂದಳು ಆ ಹೆಂಗಸು. ಆಮೇಲೆ, ಮಗಳಿಗೆ ಈಜು ಬರಲ್ಲ, ನೀರಂದ್ರೆ ಪ್ರಾಣ, ಅಂದಳು, ಯಾಕೆ ಅಂದಳೋ, ಇವಳು ಕೇಳಿರಲೇ ಇಲ್ಲ. ಇವಳು ಇಟ್ಟುಬಿಟ್ಟಳು. ಇಟ್ಟು, ಕೈ ತೊಳೆದು, ಡಬ್ಬಿ ಬಿಚ್ಚಿ ಊಟ ಮಾಡಿದಳು, ಊಟ ಸೇರಿತು ಕೂಡ.

ಹಲ್ಲುಗಳು ಮತ್ತೆ ಕಟಕಟ ಅಂದವು. ಈ ಸಲ ಎತ್ತಿದಳು. ಮೇಡಂ, ಅದೇ ವಿಷ್ಯ, ನಮ್ಮ ಮ್ಯಾನೇಜರ್ ಹೇಳ್ತಿದಾರೆ, ಬೋರ್ಡು ಇದ್ರೆ ನಾವಾಗೇ ಬಾಗಿಲು ತೆಗೆಯೋ ಹಾಗಿಲ್ಲ, ಸದಸ್ಯರು ಹೂಂ ಅನ್ಬೇಕು, ನೀವು ಹೇಗಿದ್ರೂ ಅಕ್ಕ, ನಾಳೆವರೆಗೂ ಕಾಯೋಣ ಅಂದ್ರೆ ಕಾಯ್ತೀವಿ – ತೆಗೀರಿ ಅಂದಳು. ಏನು ಮೇಡಂ, ಮೋಟಾರ್ ಸದ್ದು. ತೆಗೀರಿ, ಅವನು ನನ್ನ ತಮ್ಮ ಅಲ್ಲ, ನಾನು ಅವನ ಮುಖಾನೇ ನೋಡಿಲ್ಲ, ಬಾಡಿಗೆಗೆ ಕೊಟ್ಟಿದ್ದೆ, ತೆಗೀರಿ, ಮೊದಲು ತೆಗೀರಿ. ಮೋಟಾರು ನಿಂತಿತ್ತು, ಪಾಲಿಶ್‌ನವಳು ನೋಡುತ್ತಿದ್ದಳು. ಇರಿ ಮೇಡಂ ಇಡಬೇಡಿ ಅಂದ ರಿಸೆಪ್ಷನ್ನಿನವನು, ಇಡಲಿಲ್ಲ, ಅವನು ನಡೆಯುವುದು ಕೇಳುತ್ತದೆ, ಮೆಟ್ಟಿಲು, ಒಂದು ಮಹಡಿ, ಯಾರಿಗೋ ಬಾರೋ ನೀನೂ ಅಂದ, ಎರಡು, ಬೀಗದ ಕೈ ಗೊಂಚಲು ಗಲಗಲ, ಕಾರಿಡಾರ್ ಉದ್ದ ಅದು, ಗೊತ್ತು, ಮಗಳು ಅಲ್ಲಿ ಬರಿಗಾಲಲ್ಲಿ ಓಡಿ ನೀರಿನ ಹೆಜ್ಜೆ ಬಿಟ್ಟಿದ್ದಳು, ಎಲ್ಲಕ್ಕಿಂತ ದೂರದ ರೂಮು, ಅವಳೇ ಆರಿಸಿಕೊಟ್ಟದ್ದು, ತಟ್ಟಿದ, ಸಾರ್, ಮತ್ತೆ ತಟ್ಟಿದ, ಪುಟ್ಟಾ, ಅಂತಲೂ ಕರೆದ, ಒಳ್ಳೆಯವನು, ಬೀಗ ತಿರುಗಿತು, ಬಾಗಿಲು ತೆರೆದ ಸದ್ದು, ಒಳಗಿಂದ ಗಾಳಿ ನುಗ್ಗಿ ಬಂತೇನೋ, ಫೋನಿನ ತುಂಬ ಗಾಳಿ, ಅಂದರೆ ಬಾಲ್ಕನಿ ತೆರೆದೇ ಇದೆ, ಎರಡು ದಿನದಿಂದ ತೆರೆದೇ ಇದೆ, ಮಲಗಿರಬಹುದು, ಇಬ್ಬರೂ ಮಲಗಿರಬಹುದು, ನಿದ್ದೆಬುರುಕ, ಅವಳೇ ಹೇಳಿದ್ದಳಲ್ಲ, ಟಿವಿ ಹಾಕಿಕೊಂಡು ಹಾಗೇ – ಮೇಡಂ, ಅಂದ. ಹೇಳಪ್ಪ. ಮೇಡಂ, ಅಂದ ಮತ್ತೆ, ಅವನ ಹಿಂದಿನಿಂದ ಇನ್ನೊಬ್ಬ, ಮುಟ್ಬೇಡಿ ಅಣ್ಣಾ, ಮಗೂನೂ ಮುಟ್ಬೇಡಿ, ಪೊಲೀಸ್ ಬರ್ಲಿ ಅಂದ, ಆಮೇಲೆ ಗಾಳಿ, ಆ ಗಾಳಿಯಲ್ಲಿ ಬಟ್ಟೆಯೊಂದು ಪಟ್ ಪಟ್ ಬಡಿದುಕೊಳ್ಳುವುದು ಕೇಳಿಸಿತು, ಚಿಕ್ಕ ಬಟ್ಟೆ, ಎರಡು ಕ್ಲಿಪ್ಪು, ಹಳದಿ, ಒಣಗಿದ್ದು, ಯಾವಾಗಲೋ ಒಣಗಿದ್ದು, ಯಾರೂ ಮುಟ್ಟಿ ನೋಡದ ಹಳದಿ