ಶೀನಣ್ಣ ಮುಚ್ಚಿದ ತೂತು

ಗಂಗೊಳ್ಳಿಯಲ್ಲಿ ದೋಣಿ ಕಟ್ಟುವ ಶೀನಣ್ಣನಿಗೆ ಸ್ಪೀಕರ್ ಡಬ್ಬಿಯ ಕೆಲಸ ಕೊಡೋಣ ಎಂದವಳು ಪೂಜಿತಾಳೇ. ಹಾಗಾಗಿ ಈಗ ಯಾರನ್ನು ಬೈಯಬೇಕೆಂದು ಅವಳಿಗೆ ತಿಳಿಯಲಿಲ್ಲ.

ಅವಳ ಅಣ್ಣ ಸುಜನ್ ಕಾರಿನ ಡಿಕ್ಕಿಗೆಂದು ದೊಡ್ಡದೊಂದು ಸಬ್‌ವೂಫರ್ ತಂದಿದ್ದ. ಅದನ್ನು ಕೂರಿಸುವ ಡಬ್ಬಿಯ ಲೆಕ್ಕ ಹಾಕಿದವಳು ಇವಳು. ಫಿಸಿಕ್ಸಿನಲ್ಲಿ ಒಳ್ಳೆಯ ಅಂಕ ತೆಗೆದಿದ್ದರೂ ಕೆಲಸದ ಸಂದರ್ಶನಕ್ಕೆ ಹೋದರೆ ಸಾಕು, ನಾಲಗೆ ಅಂಗುಳಕ್ಕೆ ಅಂಟಿಕೊಂಡು ಬಿಡುತ್ತಿತ್ತು. ಕೋಟೇಶ್ವರದಲ್ಲಿ ಕಾರಿನ ಸಾಮಾನಿನ ಅಂಗಡಿ ಇಟ್ಟ ಅಶೋಕ್ ಅವಳು ಬರೆದ ಚಿತ್ರ ನೋಡಿ, "ಇದ್ರ್ ಸೌಂಡ್ ಲಾಯ್ಕ್ ಬಂದ್ರೆ ನಮ್ಮ್ ಅಂಗ್ಡಿ ಡಬ್ಬಿ ಲೆಕ್ಕ ಎಲ್ಲ ನಿಂಗೇ. ಮನೆಯಗೆ ಕೂಕಂಡೇ ಮಾಡ್" ಎಂದಿದ್ದ. ಯಾರೊಡನೆಯೂ ಬಾಯಿ ಬಿಡದೆ ಮಾಡಬಹುದಾದ ಕೆಲಸ! ಪೂಜಿತಾ ಆ ಡಬ್ಬಿಯ ಮೇಲೆ ಜೀವ ಇಟ್ಟಿದ್ದಳು.

ಲೆಕ್ಕ ಸರಳವಾಗೇನೂ ಇರಲಿಲ್ಲ. ಡಬ್ಬಿಯೊಳಗೆ ಎಷ್ಟು ಗಾಳಿ ಹಿಡಿಯಬೇಕು, ಸ್ಪೀಕರಿನ ಅಯಸ್ಕಾಂತ ಅದರಲ್ಲಿ ಎಷ್ಟು ಜಾಗ ತಿನ್ನುತ್ತದೆ, ಎಲ್ಲವನ್ನೂ ಕಳೆದು ಕೂಡಿಸಿದ್ದಳು. ಸ್ಪೀಕರಿನ ಬೆನ್ನ ಹಿಂದಿನ ಗಾಳಿ ಒಂದು ಪೈಪಿನಿಂದ ಹೊರಬಂದು ಮುಂದಿನ ಸದ್ದಿಗೆ ಬಲ ಕೊಡಬೇಕು. ಪೈಪು ಗಿಡ್ಡವಾದರೆ ಸ್ವರ ಏರುತ್ತದೆ, ಉದ್ದವಾದರೆ ಇಳಿಯುತ್ತದೆ. ಅದನ್ನೂ ಅಳೆದು ಕೊಯ್ದು ಕೊಟ್ಟಿದ್ದಳು. ಪೈಪಿನ ಬಾಯಿ ಬಿಟ್ಟರೆ ಬೇರೆಲ್ಲೂ ಗಾಳಿ ಸೋರಬಾರದು. ಸೋರದಂತೆ ಮಾಡುವುದರಲ್ಲಿ ದೋಣಿಯವರನ್ನು ಮೀರಿಸುವವರು ಯಾರು?

ಸುಜನ್ ಕಳಿಸಿದ ಫೋಟೋದಲ್ಲಿ ಡಬ್ಬಿ ನುಣ್ಣಗೆ ಹೊಳೆಯುತ್ತಿತ್ತು. ಅವಳ ಚಿತ್ರದಲ್ಲಿದ್ದ ಎರಡು ತೂತುಗಳಲ್ಲಿ ಡಬ್ಬಿಯಲ್ಲಿ ಕಂಡದ್ದು ಮಾತ್ರ ಒಂದೇ, ಸ್ಪೀಕರಿನದು.

"ಅಣ್ಣ, ಗಾಳಿ ಹೋಪು ಒಟ್ಟೆ ಮುಚ್ಚಿರ್. ತೆಗೂಕೆ ಹೇಳ್" ಎಂದು ಅವಳು ಫೋನಿನಲ್ಲಿ ಪಿಸುಗುಟ್ಟಿದಳು. ಆಗಲೇ ಶೀನಣ್ಣನಿಗೆ ಹೇಳುವ ಬದಲು ಪುಣ್ಯಾತ್ಮ ಸುಜನ್ ಮಾರನೆಯ ದಿನ ನೆನಪಾದಷ್ಟು ಹೇಳಿದ: "ಶೀನಣ್ಣ, ಗಾಳಿದ್ದ್ ಎಂತದೋ ತೊಂದ್ರೆ ಇತ್ತಂಬ್ರ್." ಗಾಳಿ ಸೋರುತ್ತಿದೆಯೆಂದೇ ತಿಳಿದು, ಮಾನ ಹೋದಂತಾಗಿ ಶೀನಣ್ಣ ಮೇಲಿಂದ ಇನ್ನೊಂದು ಪದರ ಫೈಬರ್ ಮೆತ್ತಿದರು.

ಕೊನೆಗೆ ಅಶೋಕ್ ಡಬ್ಬಿಯ ಸದ್ದು ಕೇಳಲು ಬರುವ ದಿನ ಪೂಜಿತಾ ತಾನೇ ಅಣ್ಣನೊಂದಿಗೆ ದೋಣಿಯ ಶೆಡ್ಡಿಗೆ ಹೋದಳು. ಶೀನಣ್ಣ ಆಗಲೇ ಸ್ಪೀಕರ್ ಕೂರಿಸಿ ಡಬ್ಬಿಯನ್ನು ಡಿಕ್ಕಿಗೆ ಏರಿಸುತ್ತಿದ್ದರು.

"ಕಾಣ್ ತಂಗಿ. ದೊಡ್ಡ್ ಒಟ್ಟೆ ಸ್ಪೀಕರಿಗೆ, ಸರಿ. ಈ ಸಣ್ಣ್ ಒಟ್ಟೆಗೆ ಎಂತ ಕೂರ್ಸುದ್? ಓದ್ದ್ ಮಕ್ಳಿಗೂ ತಪ್ಪತ್ತ್ ಅಂದೇಳಿ ನಾನೇ ಮುಚ್ಚಿದೆ."

"ಪೈಪ್ ಕೊಟ್ಟಿದ್ದೆ..."

"ಅದಾ? ಉಳೀತಲ್ದಾ, ನನ್ನ್ ಹೆಂಡ್ತಿ ಸೀತು ಬಚ್ಚಲ್ ನೀರ್ ಹೋಪುಕೆ ಹಾಕಂಡ್ತ್."

"ಅದ್ ಬೇಕಿತ್ತ್" ಎಂದಳು ಪೂಜಿತಾ. ಅಷ್ಟರಲ್ಲಿ ಅಶೋಕನ ಬೈಕು ಬಂತು. ಅವಳ ಮಾತು ಅದರ ಸದ್ದಿನಲ್ಲಿ ಮುಳುಗಿತು. ಸುಜನ್ ಹುರುಪಿನಿಂದ ಹಾಡು ಹಾಕಿಯೇ ಬಿಟ್ಟ. ಡಬ್ಬಿಯಿಂದ ಕಂಬಳಿ ಮುಸುಕು ಹಾಕಿ ಮಲಗಿದವನ ಗೊರಕೆಯಂಥದ್ದೊಂದು ಸದ್ದು ಹೊರಟಿತು.

"ಹ್ವಾಯ್ ಸುಜನಾ, ಇದ್ ಸ್ಪೀಕರಾ, ಜ್ವರ ಬಂದ್ ಎಮ್ಮೆಯಾ?" ಎಂದ ಅಶೋಕ್.

"ತಂಗಿ ಲೆಕ್ಕ ಎಲ್ಲೋ ತಪ್ಪಿತ್ ಕಾಣತ್ತ್" ಎಂದ ಸುಜನ್.

"ಇರ್ಲಿ ಬಿಡ್. ಲೆಕ್ಕ ಕಾಗ್ದದಗೇ ಚಂದ." ಅಶೋಕ್ ಬೈಕಿನ ಕೀಲಿ ತಿರುಗಿಸಿದ.

ಪೂಜಿತಾ ಬೈಕಿಗೆ ಅಡ್ಡ ನಿಂತು ಕೂಗಿದಳು.

"ಹೋಯ್ಬೇಡಿ! ಲೆಕ್ಕ ಸಮಾ ಇತ್ತ್! ನಾನ್ ಬರ್ದದ್ ಒಟ್ಟೆ, ಇವ್ರ್ ಹೊಡ್ದದ್ ಬೂಚ್! ಒಂದ್ಸಲ ಅಲ್ಲ, ಎರಡ್ಸಲ! ಅಣ್ಣ, ನೀ ಹೋಯಿ ಪೈಪ್ ತಕಂಡ್ ಬಾ. ಶೀನಣ್ಣ, ಡ್ರಿಲ್ ಎಲ್ಲಿತ್ತ್?"

ಶೀನಣ್ಣ ಡ್ರಿಲ್ಲು ತಂದರು. ಆದರೆ ಕೈ ಏಳಲಿಲ್ಲ. "ನನ್ನ್ ಕೈಯಗೆ ಆತಿಲ್ಲೆ ಮಾರಾಯ್ತಿ. ನಾನೇ ಮಾಡಿ ನಾನೇ ಒಟ್ಟೆ ಹಾಕೂದಾ?"

ಅವಳೇ ಸ್ಪೀಕರ್ ಬಿಚ್ಚಿ, ಡ್ರಿಲ್ಲಿಗೆ ದುಂಡು ಗರಗಸ ಸಿಕ್ಕಿಸಿ ಕೊರೆದಳು. ಶೀನಣ್ಣ ಹೊಳೆಯ ಕಡೆ ಮುಖ ತಿರುಗಿಸಿ ನಿಂತರು. ಸುಜನ್ ಬಚ್ಚಲಿನಿಂದ ಕಿತ್ತು ತಂದ ಸಾಬೂನಿನ ವಾಸನೆಯ ಪೈಪು ತೂತಿಗೆ ಬಿಗಿಯಾಗಿ ಕೂತಿತು.

ಮತ್ತೆ ಹಾಡು. ಈ ಸಲ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗಿತು. ಶೆಡ್ಡಿನ ತಗಡು ಗಡಗಡ ಎಂದಿತು. ಹಲಗೆಯ ಮೇಲಿದ್ದ ಮೊಳೆಯ ಡಬ್ಬ ತಾನಾಗಿ ಸರಿದು ಕೆಳಗೆ ಬಿತ್ತು. ಅಶೋಕ್ ಬೈಕಿನಿಂದಿಳಿದು ಪೈಪಿನ ಬಾಯಿಗೆ ಅಂಗೈ ಹಿಡಿದು ಪೂಜಿತಾಳ ಕಡೆ ತಿರುಗಿದ.

"ಅಲ್ಲ ಹೆಣೆ, ಇದ್ ಉಸ್ರಾಡತ್ತಲೆ! ಶೀನಣ್ಣ, ಇನ್ನ್ ನನ್ನ್ ಡಬ್ಬಿ ಎಲ್ಲ ನೀವೇ ಮಾಡ್ಕ್. ಲೆಕ್ಕ ಪೂಜಿತಾಂದೇ."

"ಮಾಡ್ತೆ. ಆರೆ ಒಟ್ಟೆ ಮಾತ್ರ ಪ್ರತಿ ಸಲ ತಂಗಿಯೇ ಬಂದ್ ಕೊರೀಕ್" ಎಂದರು ಶೀನಣ್ಣ. ಆಮೇಲೆ ಅವಳ ಕಡೆ ತಿರುಗಿ, "ಅಲ್ಲ ತಂಗಿ, ಇಷ್ಟ್ ದೊಡ್ಡ್ ಸ್ವರ ಇಟ್ಕಂಡ್ ಮೊದ್ಲೇ ಹೇಳೂಕೆ ಎಂತ ಆಯಿತ್ ನಿಂಗೆ?"

ಬಾಯಿ ಬಿಡದೆ ಮಾಡುವ ಕೆಲಸವಂತೆ! ಪೂಜಿತಾ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಶೀನಣ್ಣನ ಮನೆಯ ಕಡೆಯಿಂದ ಸೀತಕ್ಕನ ಕೂಗು ಬಂತು: "ಹ್ವಾಯ್, ನನ್ನ್ ಪೈಪ್ ಕಿತ್ತದ್ ಯಾರ್? ಬಚ್ಚಲ್ ನೀರೆಲ್ಲ ಅಂಗ್ಳಕ್ ಬಂತ್!"

ಗಂಡಸರು ಮೂವರೂ ಪೂಜಿತಾಳ ಮುಖ ನೋಡಿದರು.

"ನಾನೇ ಸೀತಕ್ಕಾ!" ಎಂದು ಅವಳು ಇನ್ನೊಮ್ಮೆ ಕೂಗಿದಳು.