ಕ್ಷೌರದ ಕುರ್ಚಿಯಲ್ಲಿ ಕೋಳಿ

ಅಂಗಡಿಯನ್ನು ಕಾಯಂ ಆಗಿ ಮುಚ್ಚಿದ ಮೇಲೆ ಮುದಿ ಕ್ಷೌರಿಕನ ಕೈಗೆ ಸಿಗುತ್ತಿದ್ದ ತಲೆಗಳೆಂದರೆ ಹಿತ್ತಿಲಿನ ಐದು ಕೋಳಿಗಳವೇ. ಅವಕ್ಕೆ ಹೇನು ಹತ್ತಿತ್ತು. ದಿನಕ್ಕೊಂದನ್ನು ಅಂಗಡಿಯ ಹಳೇ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಸುತ್ತಿ, ಪುಕ್ಕ ಬಿಡಿಸಿ ಬುಡಕ್ಕೆ ಪುಡಿ ಉದುರಿಸುತ್ತ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದ. “ಸ್ವಲ್ಪ ತಲೆ ಬಗ್ಗಿಸಿ ಸ್ವಾಮಿ” ಎಂದು ಬಾಯಿತಪ್ಪಿ ಬಂದುಬಿಡುತ್ತಿತ್ತು.

ಮೂರನೇ ವಾರ ಪಶುವೈದ್ಯೆ ಬಂದು ಐದನ್ನೂ ತಿರುವಿ ನೋಡಿದಳು. “ಒಂದು ಹೇನೂ ಉಳಿದಿಲ್ಲ ಅಜ್ಜ, ಗೆದ್ದುಬಿಟ್ರಿ! ಇನ್ನು ಪುಡಿ ಗಿಡಿ ಏನೂ ಬೇಡ.”

“ಕಣ್ಣುಬಿಟ್ಟು ನೋಡಮ್ಮ” ಎಂದು ಮುದುಕ ಸಿಡುಕಿದ. “ಆ ಮೂಲೇಲಿರೋದು ಇನ್ನೂ ಕೆರ್ಕೋತಾ ಇದೆ.”

ಅವಳು ಗೇಟು ದಾಟಿದ್ದೇ ತಡ, ಅವನು ಬಟ್ಟೆ ಕೊಡವಿದ, ಖಾಲಿ ಕುರ್ಚಿ ಒರೆಸಿದ, ಹಿತ್ತಿಲಿಗೆ ಕೇಳುವಂತೆ ಕೂಗಿದ:

“ಮುಂದಿನವರು ಬನ್ನಿ.”