ಪಟ್ಟಿಯ ಪ್ರಕಾರ ನಮಸ್ಕಾರ

ನಾನಿದ್ದ ವಿಮಾನ ಕಂಪನಿಯೂ ನನ್ನ ತಮ್ಮ ಪ್ರಾಣೇಶನಿದ್ದ ಕಂಪನಿಯೂ ಒಂದಾದವು. ಬೇಗಂಪೇಟೆ ಏರ್‌ಪೋರ್ಟಿನಲ್ಲಿ ಪೈಲಟ್‌ಗಳ ಹೊಸ ಸೀನಿಯಾರಿಟಿ ಪಟ್ಟಿ ಅಂಟಿಸಿದರು. ಸುಡುಗಾಡು ಪಟ್ಟಿ! ಪ್ರಾಣೇಶ ನನಗಿಂತ ಆರು ವರ್ಷ ಚಿಕ್ಕವನು. ಕೆಲಸಕ್ಕೆ ಒಂದು ದಿನ ಮೊದಲು ಸೇರಿದ್ದನೆಂದು ನನಗಿಂತ ಮೇಲಿದ್ದ. ಕ್ಯಾಪ್ಟನ್ ಸೀಟು ಮೊದಲು ಅವನಿಗೇ.

ದೀಪಾವಳಿಯ ದಿನ ಕಾಚಿಗೂಡದ ಮನೆಯಲ್ಲಿ ಅವನು ಎಂದಿನಂತೆ ನನ್ನ ಕಾಲಿಗೆ ಬೀಳಲು ಬಗ್ಗಿದ. ಅವ್ವ ತಡೆದಳು. ಆಂಧ್ರದ ಸಚಿವಾಲಯದಲ್ಲಿ ಮೂವತ್ತು ವರ್ಷ ಇಂಥ ಪಟ್ಟಿಗಳನ್ನೇ ಬರೆದವಳು.

“ವೆಂಕಟೇಶ, ಪಟ್ಟಿ ಅಂದ್ರ ಪಟ್ಟಿ. ನೀನs ತಮ್ಮಗ ನಮಸ್ಕಾರ ಮಾಡು.”

“ಏನವ್ವಾ ಇದು ಹುಚ್ಚು? ನಾ ಅವನ ಅಣ್ಣ!”

“ಹದಿನೈದು ದಿನದಾಗ ಆಕ್ಷೇಪಣೆ ಬರದು ಕೊಡು. ಅಲ್ಲೀತನಕ ಬಗ್ಗು.”

ಹಲ್ಲು ಕಚ್ಚಿಕೊಂಡು ಬಗ್ಗಿದೆ. ತಲೆ ಎತ್ತಿದರೆ, ಪಟ್ಟಿಯಲ್ಲಿ ಹೆಸರೇ ಇಲ್ಲದ ಅಪ್ಪ ಶಲ್ಯ ಸರಿಮಾಡಿಕೊಂಡು ನನ್ನ ಹಿಂದೆ ಸರದಿಯಲ್ಲಿ ನಿಂತಿದ್ದರು.